ಹದಿನೆಂಟು ಮೆಣಸಿನಕಾಯಿ

ಹದಿನೆಂಟು. ಇನ್ನೊಮ್ಮೆ ಎಣಿಸಿದ, ಹದಿನೆಂಟೇ. ಒಣಮೆಣಸಿನಕಾಯಿಗಳನ್ನು ಹಲಗೆಯ ಮೇಲೆ ಆರಾರರ ಮೂರು ಸಾಲಾಗಿ ಜೋಡಿಸಿ, ತೊಟ್ಟು ತೆಗೆದು, ಬೀಜ ಚೆಲ್ಲದಂತೆ ಮುರಿದ.

ಒಲೆಯ ಮೇಲೆ ನೂಡಲ್ಸಿಗೆ ನೀರು ಮರಳುತ್ತಿತ್ತು. ನೀರಿಗೆ ಐದು ನಿಮಿಷ, ನೂಡಲ್ಸ್ ಬೇಯಲು ನಾಲ್ಕು, ಬೆಳ್ಳುಳ್ಳಿಯೊಂದಿಗೆ ಸೊಪ್ಪು ಬಾಡಿಸಲು ಮೂರು, ಒಟ್ಟು ಹನ್ನೆರಡು. ಇಬ್ಬರೂ ದುಡಿಯುವ ಮನೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಊಟಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಸಲ್ಲದೆಂದು ಎಂದೋ ತೀರ್ಮಾನವಾಗಿತ್ತು. ತೀರ್ಮಾನಿಸಿದವರು ಯಾರೆಂದು ಅವನಿಗೆ ನೆನಪಿರಲಿಲ್ಲ.

ವಾಡಿಕೆಯ ಲೆಕ್ಕ ನಾಲ್ಕು ಮೆಣಸಿನಕಾಯಿ. ಹದಿನಾರು ದಿನಗಳ ಹಿಂದೆ, ಒಂದು ಸೋಮವಾರ, ಮನಸ್ಸು ಎಲ್ಲೋ ಇದ್ದು ಆರು ಬಿದ್ದವು. ಬಾಯಿಗಿಟ್ಟ ಮೇಲೆ ತಪ್ಪು ತಿಳಿಯಿತು. ಹೆಂಡತಿಯ ಬೈಗುಳಕ್ಕೆ ಕಾದ. ಮದುವೆಯ ಹೊಸದರಲ್ಲಿ ಖಾರ ಒಂದಿಷ್ಟು ಹೆಚ್ಚಾದರೂ, ‘ನನ್ನನ್ನ ಮುಗಿಸೋ ಯೋಚನೆ ಇದ್ದರೆ ಬಾಯಿಬಿಟ್ಟು ಹೇಳಿ’ ಎನ್ನುತ್ತಿದ್ದವಳು. ಅಂದು ಬಟ್ಟಲು ಬರಿದು ಮಾಡಿ, ತೊಳೆದಿಟ್ಟು, ಹೋಗಿ ಮಲಗಿದಳು.

ಮರುದಿನ ಏಳು ಹಾಕಿದ. ಅಲ್ಲಿಂದ ದಿನಕ್ಕೊಂದರಂತೆ ಏರಿತು. ಖಾರವೆಂದು ಅವಳು ಒಂದು ಮಾತು ಆಡಬೇಕು. ಆಡಿದ ದಿನ ನಾಲ್ಕಕ್ಕೆ ಮರಳುವುದು. ಷರತ್ತು ಅವನದು. ಅವಳಿಗೆ ತಿಳಿಸಿರಲಿಲ್ಲ, ತಿಳಿಸಿದರೆ ಪರೀಕ್ಷೆಗೆ ಅರ್ಥವಿಲ್ಲ. ಶನಿವಾರ, ಭಾನುವಾರ ಅಡುಗೆ ಅವಳದು. ಅವಳು ಮಾಡಿದ್ದರಲ್ಲಿ ಖಾರ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಅದರಲ್ಲೇ ಉತ್ತರವೇನಾದರೂ ಅಡಗಿದೆಯೇ ಎಂದು ತುತ್ತು ತುತ್ತಿಗೂ ಹುಡುಕಿ ಸೋತಿದ್ದ.

ಅವನ ಹೊಟ್ಟೆ ಎರಡನೆಯ ವಾರದಿಂದಲೇ ಉರಿಯತೊಡಗಿತ್ತು. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೆಂಡತಿಯ ಕೆಲಸ ನೀರು ಸರಬರಾಜು ಕಚೇರಿಯ ಫೋನಿನಲ್ಲಿ ದೂರು ಬರೆದುಕೊಳ್ಳುವುದು. ದಿನಕ್ಕೆ ಎಂಬತ್ತು ಮಂದಿ ಅವಳ ಕಿವಿಯಲ್ಲಿ ಗೋಳು ತೋಡಿಕೊಳ್ಳುತ್ತಾರೆ. ಎಂಬತ್ತಕ್ಕೂ ಸಂಖ್ಯೆ ಕೊಟ್ಟು ಮನೆಗೆ ಬರುವವಳ ಬಳಿ ಸ್ವಂತದ್ದೊಂದು ಉಳಿದಿರಲಾರದೆ? ಒಂದಾದರೂ ಉಳಿದಿರಬೇಕು ಎಂಬುದು ಅವನ ಊಹೆ.

ಅವನದು ಲಿಫ್ಟುಗಳ ತಪಾಸಣೆ. ಇಪ್ಪತ್ತು ಕಿಲೋ ತೂಕದ ಕಬ್ಬಿಣದ ಬಟ್ಟುಗಳನ್ನು ಒಂದೊಂದಾಗಿ ಒಳಗಿಡಿಸುತ್ತಾನೆ. ಹೊರೆ ಮಿತಿ ಮೀರಿದೊಡನೆ ಗಂಟೆ ಹೊಡೆಯಬೇಕು. ಇಂದು ಬೆಳಿಗ್ಗೆ ನೋಡಿದ ಲಿಫ್ಟಿನಲ್ಲಿ ಇಪ್ಪತ್ತೆರಡನೆಯ ಬಟ್ಟಿಗೆ ಹೊಡೆಯಬೇಕಾಗಿದ್ದುದು ಇಪ್ಪತ್ತಾರಕ್ಕೂ ಹೊಡೆಯಲಿಲ್ಲ. ಕಟ್ಟಡದ ಮೇಲ್ವಿಚಾರಕ ನಗುತ್ತಲೇ ಸಮಾಧಾನ ಹೇಳಿದ್ದ: ಗಂಟೆ ಕೆಟ್ಟು ಎರಡು ವರ್ಷವಾಗಿದೆ, ಇದುವರೆಗೆ ಯಾರೂ ಬಿದ್ದಿಲ್ಲ. ಇವನು ಬಳಕೆಗೆ ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಿ, ಆಮೇಲೆ ಒಂಬತ್ತು ಮಹಡಿಗಳನ್ನು ಅದೇ ಲಿಫ್ಟಿನಲ್ಲಿ ಇಳಿದು ಬಂದಿದ್ದ.

ಎಣ್ಣೆಗೆ ಮೆಣಸಿನಕಾಯಿ ಬಿತ್ತು. ಘಾಟು ಎದ್ದು ಅವನ ಕಣ್ಣು ಕಟ್ಟಿತು. ಒಳಕೋಣೆಯಿಂದ ಒಂದು ಕೆಮ್ಮು ಕೇಳಿಸಿತು. ಸೌಟು ಹಿಡಿದ ಕೈ ನಿಂತಿತು. ಕಿಟಕಿ ತೆರೆದ ಸದ್ದಾಯಿತು; ಅಷ್ಟೆ.

ಸೊಪ್ಪು ಹಾಕಿದ. ಬಾಣಲೆ ತುಂಬಿ ನಿಂತಿದ್ದ ಹಸಿರು ನಿಮಿಷದೊಳಗೆ ಹಿಡಿಯಷ್ಟಾಯಿತು.

ಬಸಿದ ನೂಡಲ್ಸನ್ನು ಬೆರೆಸುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ಬಂದವನು ಹೆಂಡತಿಯ ತಮ್ಮ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು, ಬಾಯಿಗೆ ಬೀಗವಿಲ್ಲದವನು. ಅಕ್ಕನ ಕನ್ನಡಕಕ್ಕೆ ಹೊಸ ಗಾಜು ಹಾಕಿ ತಂದಿದ್ದ. ಕೂಲಿಯ ಬದಲು ಊಟ ಹಾಕಿದರೆ ಸಾಕೆಂದು ಮೇಜಿಗೆ ಕುಳಿತೇಬಿಟ್ಟ.

ಇಬ್ಬರಿಗಷ್ಟೇ ಮಾಡಿದ್ದೆಂದು ಅವನು ತಡವರಿಸಿದ. ಮೈದುನನಿಗೆ ಮೊಟ್ಟೆ ಕರಿದುಕೊಡುವೆನೆಂದ.

‘ಮೂರು ಪಾಲು ಮಾಡಿ,’ ಎಂದಳು ಹೆಂಡತಿ, ಒಳಗಿಂದ ಬರುತ್ತಾ.

ಮೂರು ಪಾಲಾಯಿತು. ಅವಳು ತಮ್ಮ ತಂದ ಕನ್ನಡಕ ಏರಿಸಿಕೊಂಡು ಕುಳಿತಳು. ಎಚ್ಚರಿಸಲು ಅವನ ಬಾಯಿ ತೆರೆಯಿತು, ಎಚ್ಚರಿಸಿದರೆ ಒಪ್ಪಿಕೊಂಡಂತೆ. ಮುಚ್ಚಿಕೊಂಡ.

ಮೈದುನ ಒಂದು ತುತ್ತು ನುಂಗಿದ. ಎರಡನೆಯದು ದಾರಿಯಲ್ಲೇ ನಿಂತಿತು. ಮುಖ ಕೆಂಪಾಗಿ, ಕೆಮ್ಮಿ, ಮೇಜಿನ ಅಂಚು ಹಿಡಿದುಕೊಂಡ.

‘ಇದೇನು ಭಾವ, ಊಟಾನಾ, ಶಿಕ್ಷೇನಾ?’

ಅವನು ನೂಡಲ್ಸ್ ಸುತ್ತುತ್ತಲೇ ಇದ್ದ; ಮೈದುನ ಅಕ್ಕನ ಮುಖ ನೋಡಿದ.

‘ಅಕ್ಕ, ದಿನಾ ಇದನ್ನೇ ತಿಂತೀಯಾ?’

‘ಯಾಕೆ?’

‘ಯಾಕೆ ಅಂತೀಯಲ್ಲ. ಖಾರ ಕಣೇ.’

ಹೆಂಡತಿ ಫೋರ್ಕನ್ನು ಬಟ್ಟಲಿನಲ್ಲಿಟ್ಟಳು. ಗಂಡನ ಕಡೆ ತಿರುಗಿದಳು. ಹೊಸ ಗಾಜಿನ ಹಿಂದೆ ಅವಳ ಕಣ್ಣುಗಳು ತುಸು ದೊಡ್ಡವಾಗಿ ಕಂಡವು; ಇಷ್ಟು ನೇರವಾಗಿ ಅವಳು ನೋಡಿ ಎಷ್ಟು ದಿನವಾಗಿತ್ತೋ.

‘ಖಾರ ಇದೆಯೇನ್ರೀ?’

ಹದಿಮೂರು ಊಟಗಳಿಂದ ಅವನು ಕಾದ ಮಾತಿನ ಅರ್ಧ ಅದು. ಉಳಿದ ಅರ್ಧ ಅವನ ಬಾಯಿಂದಲೇ ಬರಬೇಕಿತ್ತು. ಇದೆ ಎಂದರೆ ಎಷ್ಟೆಂದು ಹೇಳಬೇಕು. ಎಷ್ಟೆಂದರೆ ಏಕೆಂದು ಹೇಳಬೇಕು. ಏಕೆಂಬುದಕ್ಕೆ ಅವನ ಬಳಿ ವಾಕ್ಯವಿರಲಿಲ್ಲ. ಮೈದುನ ಇಲ್ಲದಿದ್ದರೂ ಇರುತ್ತಿರಲಿಲ್ಲ.

‘ಇಲ್ಲವಲ್ಲ,’ ಎಂದ. ‘ಎಂದಿನ ಹಾಗೇ ಇದೆ.’

ಅವಳು ಒಂದು ಕ್ಷಣ ಹಾಗೆಯೇ ನೋಡಿದಳು. ಆಮೇಲೆ ತಮ್ಮನಿಗೆ ಹೇಳಿದಳು: ‘ಎಂದಿನ ಹಾಗೇ ಇದೆಯಂತೆ.’

ಫೋರ್ಕ್ ಎತ್ತಿಕೊಂಡಳು.

ಮೈದುನ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಇಬ್ಬರ ಮೂಗೂ ಸೋರುತ್ತಿತ್ತು. ಒಳ್ಳೆ ಜೋಡಿ, ಕಲ್ಲು ಬೇಯಿಸಿ ಕೊಟ್ಟರೂ ಅಗಿದುಬಿಡುತ್ತೀರಿ ಎಂದು ನಕ್ಕು ನೋಡಿದ. ನಗೆಗೆ ಜೊತೆ ಸಿಗಲಿಲ್ಲ. ಎದ್ದು ಮೂರು ಲೋಟ ನೀರು ಒಂದರ ಹಿಂದೊಂದು ಕುಡಿದ. ಏನನ್ನಿಸಿತೋ, ಇನ್ನೆರಡು ಗಾಜಿನ ಲೋಟಗಳನ್ನು ಕಂಠದವರೆಗೆ ತುಂಬಿ ಅಕ್ಕನ ಮುಂದೊಂದು, ಭಾವನ ಮುಂದೊಂದು ಇಟ್ಟ. ಅಂಗಡಿ ಮುಚ್ಚುವ ಮೊದಲು ಹೋಗಬೇಕೆಂದು ಚಪ್ಪಲಿ ಮೆಟ್ಟಿದ. ಬಾಗಿಲು ಹಾಕಿಕೊಂಡಿತು.

ತಮ್ಮ ಬಿಟ್ಟುಹೋದದ್ದನ್ನು ಅವಳು ಎರಡು ಸಮಪಾಲು ಮಾಡಿ ಇಬ್ಬರ ಬಟ್ಟಲಿಗೂ ಹಾಕಿದಳು. ಇಬ್ಬರೂ ತಿಂದರು. ಅವನ ತುಟಿ ಮರಗಟ್ಟಿತ್ತು. ಅವಳ ಕೊರಳಿನಲ್ಲಿ ಬೆವರು ಇಳಿಯುತ್ತಿತ್ತು.

‘ಡಬ್ಬಿಯಲ್ಲಿ ಹನ್ನೆರಡೇ ಉಳಿದಿವೆ,’ ಎಂದಳು, ಬಟ್ಟಲಿನಿಂದ ಕಣ್ಣೆತ್ತದೆ. ‘ನಾಳೆಗೆ ಸಾಲಲ್ಲ. ಬರ್ತಾ ತರ್ತೀನಿ.’

ನಾಲ್ಕು ಹಾಕುವ ಮನೆಗೆ ಹನ್ನೆರಡು ಮೂರು ದಿನ ಬರುತ್ತದೆ. ಲೆಕ್ಕ ಅವನ ತಲೆಯಲ್ಲಿ ತಾನಾಗಿ ಆಯಿತು. ನಾಲಗೆ ಬೆಂಕಿಯಾಗಿತ್ತು.

‘ತಾ,’ ಎಂದ.

ಬೀದಿಯಲ್ಲಿ ಬಸ್ಸೊಂದು ಹಾದುಹೋಯಿತು. ಮೇಜು ಅದುರಿತು. ಎರಡು ಲೋಟಗಳ ಅಂಚಿನವರೆಗೂ ನೀರು ನಡುಗಿ, ಹನಿಯೂ ಚೆಲ್ಲದೆ ನಿಂತಿತು. ಅವಳು ತನ್ನ ಲೋಟವನ್ನು ನೋಡಲಿಲ್ಲ. ಅವನು ಅವಳ ಕೈಯನ್ನೇ ನೋಡುತ್ತಾ ತನ್ನದನ್ನು ಮುಟ್ಟಲಿಲ್ಲ.