ಸೂರಿನ ಸೀಳು

ಶವಪೆಟ್ಟಿಗೆಯ ಹಿಂದಿನ ತುದಿಗೆ ಹೆಗಲು ಕೊಟ್ಟಿದ್ದ ಅನೂಪ ಚರ್ಚಿನ ಹೊಸ್ತಿಲು ದಾಟುತ್ತಿದ್ದಂತೆಯೇ ಕರೆಂಟು ಹೋಯಿತು. ಕತ್ತಲಲ್ಲಿ ಮುಂದಿದ್ದವರು ಬೆಂಚಿಗೆ ಎಡವಿ ನಿಂತರು.

“ಯಾರರ ಮೊಬೈಲ್ ಟಾರ್ಚ್ ಹಚ್ರಿ,” ಎಂದರು ಫಾದರ್.

“ಮೊದಲ ಹಿಂಗ ಇರಲಿಲ್ಲ ಬಿಡ್ರಿ,” ಯಾರೋ ಗೊಣಗಿದರು. “ಹಗಲೊತ್ತು ಇಲ್ಲಿ ದೀಪಾನೇ ಬೇಕಾಗ್ತಿರಲಿಲ್ಲ.”

ಅನೂಪ ತಲೆ ತಗ್ಗಿಸಿದ. ಮೇಲಿನ ಬಿಳಿ ಚಾವಣಿ ಹಾಕಿಸಿದ ಎಂಜಿನಿಯರ್ ಅವನೇ. ಪೆಟ್ಟಿಗೆಯಲ್ಲಿದ್ದವಳು ದಯಾಮಣಿ. ಆಳಂದದ ಮಕ್ಕಳಿಗೆ ಶಾಲೆಯ ಅಂಗಿ ಹೊಲಿದು ಹೊಲಿದು ಕಣ್ಣು ಮಬ್ಬಾಗಿಸಿಕೊಂಡವಳು. ಅನೂಪನ ಅಂಗಿಗಳನ್ನೂ ಅವಳೇ ಹೊಲಿದಿದ್ದಳು.

*

ಆ ಚರ್ಚು ಕಟ್ಟಿದಾಗ ಊರವರು ನಕ್ಕಿದ್ದರಂತೆ. ಗೋಪುರವಿಲ್ಲ, ಕಮಾನಿಲ್ಲ, ಗೋಡೆಗೆ ಕಿಟಕಿಯೂ ಇಲ್ಲ. ಕಾಂಕ್ರೀಟಿನ ಎರಡು ಇಳಿಜಾರು ಸೂರು ನೆತ್ತಿಯಲ್ಲಿ ಕೂಡದೆ ನಿಂತಿದ್ದವು; ನಡುವಿನ ಉದ್ದನೆಯ ಸೀಳಿಗೆ ಗಾಜು. ಪೂಜೆಯ ಹೊತ್ತಿಗೆ ಅಲ್ಲಿಂದಿಳಿದ ಬೆಳಕು ಬಾಗಿಲಿನಿಂದ ಪೀಠದವರೆಗೆ ದಾರಿಯಂತೆ ಬಿದ್ದಿರುತ್ತಿತ್ತು. ದಯಾಮಣಿ ಯಾರ ಕೈಯನ್ನೂ ಹಿಡಿಯದೆ ಅದರ ಗುಂಟ ನಡೆದು ಹೋಗುತ್ತಿದ್ದಳು.

ಮಳೆಗೆ ಗಾಜಿನ ಸಂದಿ ಸೋರತೊಡಗಿತು. ಗಾಜು ಬದಲಿಸಿದ್ದರೆ ಸಾಕಿತ್ತು. ಅನೂಪ ಸುಲಭದ ಕೆಲಸ ಹಿಡಿದ: ಮೇಲೆ ತಗಡು, ಕೆಳಗೆ ಪಿಒಪಿ ಚಾವಣಿ, ಸಾಲಾಗಿ ಎಲ್‌ಇಡಿ ದೀಪ. ಮದುವೆ ಹಾಲಿನಂತಾಯಿತು ಎಂದು ಎಲ್ಲರೂ ಹೊಗಳಿದರು.

ಕೆಲಸ ನಡೆದಾಗ ದಯಾಮಣಿ ಬಂದಿದ್ದಳು.

“ಅನೂಪ, ಅದೊಂದು ಮುಚ್ಚಬ್ಯಾಡಪ್ಪ.”

“ದೀಪ ಹಾಕಾಕತ್ತೇನಲ್ರಿ ಮೌಶಿ. ಮೊದಲಿಗಿಂತ ಜಾಸ್ತಿ ಬೆಳಕಾಗ್ತದ.”

“ಎಲ್ಲಾ ಕಡೆ ಒಂದೇ ನಮೂನಿ ಬೆಳಕಾದ್ರ, ಪೀಠ ಯಾವ ಕಡಿ ಅದ ಅಂತ ನನಗ ಹ್ಯಾಂಗ ತಿಳೀಬೇಕು?”

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಅದನ್ನು ಕಿವಿಗೆ ಹಚ್ಚಿಕೊಂಡು ಹೊರಗೆ ಹೋದ.

ಆಮೇಲೆ ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತೇ ಪೂಜೆ ಕೇಳುತ್ತಿದ್ದಳು. ಗಂಡ ಕೈ ಹಿಡಿದು ಕರೆದರೂ ಒಳಗೆ ಹೋಗಲಿಲ್ಲ. ಆ ದಾರಿ ಬಂದಾಗ ಅನೂಪ ಬೈಕನ್ನು ಜೋರು ಮಾಡುತ್ತಿದ್ದ. ಅವಳಿಗೆ ತಾನು ಕಾಣಿಸುವುದಿಲ್ಲವೆಂದು ಗೊತ್ತಿದ್ದೂ.

*

“ಹೊರಗ ಇಡೂನ್ರಿ ಫಾದರ್,” ಅಂದ ಗಂಡ ಸಮುವೇಲಪ್ಪ. “ಅಕಿ ಅಲ್ಲೇ ಕೂಡ್ತಿದ್ಲು.”

ಅದು ಅನೂಪನಿಗೆ ಹೇಳಿದ ಮಾತಲ್ಲ. ಆದರೂ ಅವನ ಕಿವಿ ಬಿಸಿಯಾಯಿತು.

ಬಿಸಿಲು ಬಿದ್ದ ಅಂಗಳದಲ್ಲಿ ಬೆಂಚು ಜೋಡಿಸಿ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದರು.

“ಕಾಕಾ,” ಅನೂಪ ತಡವರಿಸಿದ, “ಆ ಚಾವಣಿ ತೆಗಸ್ತೇನ್ರಿ ನಾ.”

ಸಮುವೇಲಪ್ಪ ಹೆಂಡತಿಯ ಮುಖದಿಂದ ಕಣ್ಣು ಕೀಳಲಿಲ್ಲ.

“ತೆಗಸಪ್ಪ. ನಾಳಿ ಮತ್ತ್ಯಾರದರ ಕಣ್ಣು ಹೋಗ್ತಾವು, ಅವರಿಗರ ದಾರಿ ಕಾಣಲಿ.”

ಫಾದರ್ ಪ್ರಾರ್ಥನೆ ಶುರುಮಾಡಿದರು. ಪಕ್ಕದ ಮನೆಯ ನಜಮುನ್ನಿಸಾ ಛತ್ರಿ ಬಿಚ್ಚಿ ದಯಾಮಣಿಯ ಮುಖಕ್ಕೆ ನೆರಳು ಹಿಡಿದಳು. ಸಮುವೇಲಪ್ಪ ಕೈ ಚಾಚಿ ಆ ಛತ್ರಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.