ಆಗೊಮ್ಮೆ ಈಗೊಮ್ಮೆ ಫೇಲಾಗುವ ಟೆಸ್ಟು

ಆ ಬೆಳಗ್ಗೆ ಮಂಜು ಬಿದ್ದಿತ್ತು. ಬಿದ್ದಿತ್ತೆಂದರೆ, ಎದುರಿನ ಕಟ್ಟಡವೇ ಇಲ್ಲವೇನೋ ಅನ್ನುವ ಹಾಗೆ. ಗಾಡಿಗಳು ದೀಪ ಹಚ್ಚಿಕೊಂಡು, ಕತ್ತಲಲ್ಲಿ ಗೋಡೆ ಸವರಿಕೊಂಡು ಬರುವ ಮುದುಕರಂತೆ ಮೆಲ್ಲಗೆ ಬರುತ್ತಿದ್ದವು. ಅತ್ತಿಗೆ ಕೈಮುಗಿದು, "ಇವತ್ತೊಂದು ದಿನ ಮಾನ ಉಳಿಸಪ್ಪಾ" ಎಂದು ಬೇಡಿಕೊಂಡು ಮನೆಯಿಂದ ಹೊರಟಳು. ಯಾರ ಮಾನ ಎಂದು ದೇವರು ಕೇಳಲಿಲ್ಲ. ಕೇಳಿದ್ದರೆ ಕಂಪನಿಯದು ಎಂದೇ ಹೇಳುತ್ತಿದ್ದಳು.

ಆಫೀಸಿನಲ್ಲಿ ಆಕೆ ಇಡೀ ತಂಡದ ಮುಖ್ಯಸ್ಥೆ. ಆದರೆ ಅದೇ ತಂಡದಲ್ಲಿ ಟೆಸ್ಟಿಂಗ್ ಮಾಡುವವನು ಆಕೆಯ ಗಂಡನ ತಮ್ಮನಾದ್ದರಿಂದ ಎಲ್ಲರ ಬಾಯಲ್ಲೂ ಅತ್ತಿಗೆಯೇ. ದೊಡ್ಡ ಕಂಪ್ಯೂಟರಿನೊಳಗೆ ಗೋಡೆ ಎಬ್ಬಿಸಿ, ಕೋಣೆ ಕೋಣೆ ಮಾಡಿ, ಒಂದೊಂದರಲ್ಲಿ ಒಬ್ಬೊಬ್ಬ ಗಿರಾಕಿಯ ಪ್ರೋಗ್ರಾಮನ್ನು ಇರಿಸುವ ತಂತ್ರಾಂಶ ಅವರದು. ಆ ಕೋಣೆಗೆ ಕಂಟೇನರ್ ಎಂದು ಹೆಸರು. ಒಳಗಿದ್ದವನು ತನ್ನ ಕೋಣೆಗಷ್ಟೇ ಒಡೆಯ, ಹೊಸಿಲು ದಾಟುವ ಹಾಗಿಲ್ಲ. ಹಿಂದಿನ ದಿನ ಯಾವನೋ ಒಬ್ಬ ದಾಟಿ, ಇಡೀ ಮನೆಗೇ ಯಜಮಾನನಾಗಿ ಕೂತಿದ್ದ. ಮಧ್ಯಾಹ್ನದೊಳಗೆ ತೂತು ಹುಡುಕಿ ಮುಚ್ಚಬೇಕು, ಗಿರಾಕಿಗಳಿಗೆಲ್ಲ ಪ್ರಕಟಣೆ ಕಳಿಸಬೇಕು.

ಅತ್ತಿಗೆಗೆ ತೂತು ಬೇಗನೆ ಸಿಕ್ಕಿತು. ಕೋಣೆ ಸಿದ್ಧ ಮಾಡುವಾಗ ತಂತ್ರಾಂಶವು ಒಂದು ಫೋಲ್ಡರನ್ನು ಹೆಸರು ಹಿಡಿದು ಹುಡುಕಿ, ಸರಿಯಿದೆ ಎಂದು ನೋಡುತ್ತಿತ್ತು. ಆಮೇಲೆ ಮತ್ತೆ ಅದೇ ಹೆಸರು ಹಿಡಿದು ಹೋಗಿ ಅದನ್ನು ಒಳಗಿನವನಿಗೆ ಒಪ್ಪಿಸುತ್ತಿತ್ತು. ನೋಡುವುದಕ್ಕೂ ಒಪ್ಪಿಸುವುದಕ್ಕೂ ನಡುವೆ ಕಣ್ಣೆವೆ ಬಡಿಯುವಷ್ಟೂ ಹೊತ್ತಿಲ್ಲ. ಆದರೆ ಅಷ್ಟರಲ್ಲೇ ಒಳಗಿನವನು ಫೋಲ್ಡರನ್ನು ಎತ್ತಿ, ಅದೇ ಹೆಸರಿನಲ್ಲಿ ನಡುಮನೆಗೆ ಹೋಗುವ ಕೊಂಡಿಯೊಂದನ್ನು ಇಟ್ಟುಬಿಟ್ಟರೆ? ಕಾವಲುಗಾರನೇ ಕೈಯಾರೆ ಮನೆ ಬಿಟ್ಟುಕೊಟ್ಟಂತೆ. ಒಮ್ಮೆ ನೋಡಿ ಹಿಡಿದದ್ದನ್ನು ಒಪ್ಪಿಸುವ ತನಕ ಕೈಬಿಡದಂತೆ ಆಕೆ ಕೋಡನ್ನು ತಿದ್ದಿದಳು.

ತಿದ್ದಿದ್ದು ಸರಿಯೆಂದು ತೋರಿಸಲು ಒಂದು ಟೆಸ್ಟು ಬೇಕಲ್ಲ, ಅದನ್ನೂ ಬರೆದಳು. ತೂತಿದ್ದ ಹಳೆಯ ಕೋಡಿನ ಮೇಲೆ ಅದು ಫೇಲಾಗಬೇಕು, ಮೊದಲು ಅದರ ಮೇಲೆ ಓಡಿಸಿದಳು. ಪಾಸು. ಮತ್ತೆ ಓಡಿಸಿದಳು, ಪಾಸು. ಓಡಿಸುತ್ತಾ ಓಡಿಸುತ್ತಾ ಬೇಸರ ಬರುವ ಹೊತ್ತಿಗೆ ಒಮ್ಮೆ ಕೆಂಪಗೆ ಫೇಲಾಯಿತು. ಮರುಸಲ ಏನೂ ಆಗಿಲ್ಲವೆಂಬಂತೆ ಪಾಸು.

ಅತ್ತಿಗೆಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಇಂಥದ್ದನ್ನು ಆಕೆ ಹಿಂದೆ ನೋಡಿದ್ದಳು.

ಹೋದ ವರ್ಷ ಮೈದುನ ಇಂಥದೇ ಟೆಸ್ಟು ಬರೆದು ತಂದಿದ್ದ. "ಅತ್ತಿಗೆ, ಆಗೊಮ್ಮೆ ಈಗೊಮ್ಮೆ ಫೇಲಾಗ್ತಿದೆ. ಒಳಗೆ ಏನೋ ಇದೆ, ಬಿಡುಗಡೆ ಸ್ವಲ್ಪ ನಿಲ್ಸಿ" ಎಂದಿದ್ದ. ಅವನ ಅನುಮಾನಗಳಲ್ಲಿ ಪೊಳ್ಳೇ ಹೆಚ್ಚು, ಅದು ಸುಳ್ಳಲ್ಲ. ಆದರೆ ಅಂದು ಆಕೆಯನ್ನು ಆಡಿಸಿದ್ದು ಬೇರೆಯೇ ಭಯ. ಮನೆಯವನೆಂದು ಸಲುಗೆ ಕೊಟ್ಟಳು ಎಂದು ನಾಳೆ ಯಾರೂ ಅನ್ನಬಾರದು. "ನಮ್ಮ ಅನುಮಾನಣ್ಣ, ಬೀಗ ಹಾಕಿ ಅರ್ಧ ದಾರಿಗೆ ಹೋದ್ಮೇಲೂ ವಾಪಸ್ ಬಂದು ಬೀಗ ಜಗ್ಗಿ ನೋಡೋ ಆಸಾಮಿ" ಎಂದಳು. ಮೀಟಿಂಗ್ ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಚ್ಚು ಟೆಸ್ಟು ಎಂದು ಎಲ್ಲರೆದುರೇ ಅದನ್ನು ಅಳಿಸಿದಳು. ಅನುಮಾನಣ್ಣ ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಅಂದಿನಿಂದ ಅವನು ಮನೆಯ ಊಟದ ಮೇಜಿನಲ್ಲೂ ಆಕೆಯನ್ನು ಮೇಡಂ ಎಂದೇ ಕರೆಯುತ್ತಿದ್ದ. ಗಂಡ ಅದನ್ನು ತಮಾಷೆಯೆಂದುಕೊಂಡು ನಗುತ್ತಿದ್ದ. ಆಕೆಯೂ ನಕ್ಕಿದ್ದಳು.

ಅಂದು ಅವನ ಟೆಸ್ಟು ಹಿಡಿದದ್ದು ಇದೇ ತೂತನ್ನು ಎಂದು ಈಗ ತಿಳಿಯಿತು. ಕೂತಲ್ಲೇ ಕುಗ್ಗಿಹೋದಳು.

ಆಗಲೇ ಮ್ಯಾನೇಜರು ಬಾಗಿಲಲ್ಲಿ ತಲೆ ತೂರಿಸಿದರು. "ತೂತು ಸಿಕ್ತಂತೆ! ಅತ್ತಿಗೆ, ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತು? ಪ್ರಕಟಣೆಲಿ ಕಂಡುಹಿಡಿದವರು ಅಂತ ನಿಮ್ಮ ಹೆಸರು ಹಾಕ್ತೀನಿ."

ಹೂಂ ಅಂದರೆ ಮುಗಿಯಿತು. ಆ ಹೂಂ ನಾಲಗೆಯ ತುದಿಗೆ ಬಂದದ್ದೂ ನಿಜ. ಅದನ್ನು ನುಂಗಿಕೊಳ್ಳುವುದು ಔಷಧ ನುಂಗಿದಂತಾಯಿತು. "ಸ್ವಲ್ಪ ತಾಳಿ" ಎಂದು ಎದ್ದಳು.

ಮೈದುನ ಕಿಟಕಿಯ ಪಕ್ಕ ತಣ್ಣಗಾದ ಚಹಾ ಇಟ್ಟುಕೊಂಡು ಕೂತಿದ್ದ.

"ನಿನ್ನ ಟೆಸ್ಟೇ ಸರಿ ಇತ್ತು ಕಣೋ" ಎಂದಳು.

"ಗೊತ್ತು ಮೇಡಂ."

"ಗೊತ್ತಿದ್ದೂ ಸುಮ್ನಿದ್ಯಾ? ಹೇಳ್ಬಾರದಿತ್ತಾ?"

"ಹೇಳಿದ್ನಲ್ಲ."

ಅವನೇ ಕಪ್ಪನ್ನು ತಿರುಗಿಸುತ್ತಾ ಮುಂದುವರಿಸಿದ. "ಎಲ್ರೂ ನಕ್ಕಿದ್ದಕ್ಕೆ ಬೇಜಾರಿಲ್ಲ. ನಂಗೂ ನಗು ಬಂದಿತ್ತು, ಬೀಗದ ಮಾತು ಚೆನ್ನಾಗೇ ಇತ್ತು. ಆದ್ರೆ ಆಮೇಲೆ ಏನೇ ಕಂಡ್ರೂ ನನ್ನ ಕಣ್ಣೇ ಸರಿ ಇಲ್ವೇನೋ ಅನ್ನಿಸ್ತು. ಕಂಡಿದ್ದನ್ನ ಕಂಡಿಲ್ಲ ಅಂದ್ಕೊಂಡೇ ಒಂದ್ ವರ್ಷ ಕಳೆದೆ."

"ತಪ್ಪಾಯ್ತು" ಎಂದಳು. ಆ ಮಾತು ಆಕೆಗೇ ತೀರಾ ಸಣ್ಣದಾಗಿ ಕೇಳಿಸಿತು.

"ಹೂಂ" ಎಂದನಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಕಿವಿಯಲ್ಲಿ ಹೇಳಿದರೆ ತೀರುವ ಸಾಲವಲ್ಲ ಅದು. ನಕ್ಕ ಜನ ಯಾರೋ ಅವರ ಎದುರೇ ಹೇಳಬೇಕಿತ್ತು. ಅತ್ತಿಗೆ ಎಲ್ಲರನ್ನೂ ಅದೇ ಮೀಟಿಂಗ್ ಕೋಣೆಗೆ ಕರೆದಳು. ನಿಂತುಕೊಂಡೇ ಹೇಳಿದಳು: "ಈ ತೂತನ್ನ ಹೋದ ವರ್ಷವೇ ಇವನು ಕಂಡುಹಿಡಿದಿದ್ದ. ಟೆಸ್ಟು ಹುಚ್ಚಲ್ಲ. ತೂತೇ ಹಾಗೆ, ಆಗೊಮ್ಮೆ ಈಗೊಮ್ಮೆ ತೆರೀತಿತ್ತು. ಅಳಿಸಿದವಳು ನಾನು. ನಿನ್ನೆ ಆಗಿದ್ದಕ್ಕೂ ನಾನೇ ಕಾರಣ."

ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನು ಮೇಜಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದ.

ಮ್ಯಾನೇಜರು ಪಿಸುಗುಟ್ಟಿದರು. "ಅವನ ಹೆಸರು ಹಾಕೋಣ, ಸರಿ. ಅಳಿಸಿದ ವಿಷಯ ಗಿರಾಕಿಗಳಿಗ್ಯಾಕೆ?"

"ಯಾಕೆ ತಡವಾಯ್ತು ಅಂತ ಅವ್ರು ಕೇಳ್ತಾರಲ್ಲ ಸಾರ್. ಉತ್ತರ ನನ್ನ ಹತ್ರ ಇದೆ, ಬರೀರಿ."

ಎಲ್ಲರೂ ಹೋದ ಮೇಲೆ ಅತ್ತಿಗೆ ತನ್ನ ಮೇಜಿಗೆ ಮರಳಿದಳು. ತಾನು ಬೆಳಗ್ಗೆ ಬರೆದ ಟೆಸ್ಟನ್ನು ತೆಗೆದುಹಾಕಿದಳು. ಮೈದುನನದನ್ನು ಹಳೆಯ ಪ್ರತಿಗಳಿಂದ ಹುಡುಕಿ ತಂದಳು. ಅದರಲ್ಲಿ ಒಂದೆರಡು ಕಡೆ ಬರವಣಿಗೆ ಒರಟಾಗಿತ್ತು, ತಿದ್ದಲು ಕೈ ಹೋಯಿತು, ತಡೆದುಕೊಂಡಳು. ಅದು ಇದ್ದ ಜಾಗದಲ್ಲೇ, ಅವನ ಹೆಸರಿನಲ್ಲೇ, ಒಂದಕ್ಷರ ಮುಟ್ಟದೆ ಇಟ್ಟು, ಸದ್ದಿಲ್ಲದೆ ತಂಡದ ಕೋಡಿಗೆ ಒಪ್ಪಿಸಿದಳು.