ಇಟಲಿ ನುಚ್ಚು

ಸವಣೂರಿನ ಪದ್ಮಾಬಾಯಿಯವರು ಎಪ್ಪತ್ತೊಂಬತ್ತು ವರ್ಷಗಳಲ್ಲಿ ಕಣ್ಣಾರೆ ಕಂಡ ಅತಿ ದೂರದ ಊರೆಂದರೆ ಉಡುಪಿ. ಆದರೆ ಮೂಗಿನಿಂದ ಅವರು ತಿರುಗಿ ಬಂದ ದೇಶಗಳು ನಲವತ್ತೊಂದು. ಇದಕ್ಕೆಲ್ಲ ಕಾರಣ ಸೊಸೆ ಶ್ರೀವಿದ್ಯಾ.

ಶ್ರೀವಿದ್ಯಾ ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ವಾರವೆಲ್ಲ ಎಂಟೂಕಾಲರ ಬಸ್ಸು ಹಿಡಿದು ಹೋಗಿ, ನದಿ ಪರ್ವತ ಬೆಳೆಗಳನ್ನು ಒದರಿ ಗಂಟಲು ಒಣಗಿಸಿಕೊಂಡು ಬರುವಾಕೆಗೆ ರವಿವಾರ ಬಂತೆಂದರೆ ಒಂದೇ ಹುಚ್ಚು: ಯಾವುದಾದರೂ ಒಂದು ದೇಶದ ಅಡಿಗೆ ಮಾಡಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟದ ಮನೆ. ಅವುಗಳ ಬದಲು ಅವಳು ಹಾಕುತ್ತಿದ್ದ ಇಂಗು ನೋಡಿದ್ದರೆ ಲೆಬನಾನಿನವರು ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಗಂಡ ಸುಶೀಂದ್ರ ಕೋರ್ಟಿನಲ್ಲಿ ವಕೀಲ, ಮನೆಯಲ್ಲಿ ಮೌನಿ. ಹಾಕಿದ್ದನ್ನು ಉಂಡು "ಛಲೋ ಆಗೇದ" ಎಂದು ಎದ್ದುಬಿಡುತ್ತಿದ್ದ. ಆತನಿಗೆ ಲೆಬನಾನೂ ಅಷ್ಟೇ, ಲಕ್ಷ್ಮೇಶ್ವರವೂ ಅಷ್ಟೇ.

ಆ ಅಡಿಗೆಯ ಖರೆ ಗಿರಾಕಿ ಎಂದರೆ ಅತ್ತೆ ಪದ್ಮಾಬಾಯಿ. ಒಂದು ತುತ್ತೂ ತಿನ್ನದ ಗಿರಾಕಿ. ಗಂಡ ತೀರಿದ ಮೇಲೆ ಕಟ್ಟಾ ಮಡಿಗೆ ಬಿದ್ದವರು; ಒಳಗಿನ ಒಲೆಯ ಮೇಲೆ ತಾವೇ ಬೇಯಿಸಿಕೊಂಡದ್ದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹೊರಗಿನ ಗ್ಯಾಸಿನ ಕಟ್ಟೆ ಶ್ರೀವಿದ್ಯಾಳದು. ನಡುವೆ ಒಂದು ಹೊಸ್ತಿಲು. ರವಿವಾರ ಹತ್ತು ಗಂಟೆಯಾಯಿತೆಂದರೆ ಆ ಹೊಸ್ತಿಲ ಒಳಮಗ್ಗುಲಿಗೆ ಮಣೆ ಹಾಕಿಕೊಂಡು ಕೂತುಬಿಡುವರು.

"ಇವತ್ತ ಯಾ ದೇಶಕ್ಕ ಹೊಂಟೀವಿ ವಿದ್ಯಾ?"

"ಗ್ರೀಸ್‌ಗೆ ಅತ್ಯಾ."

"ಅಲ್ಲೆ ಏನ ಬೆಳೀತಾರ? ಮಳಿ ಹೆಂಗದ?"

ಅದನ್ನೆಲ್ಲ ಹೇಳಬೇಕು. ಹೇಳುತ್ತ ಹೇಳುತ್ತ ಪಾತ್ರೆ ಕುದಿಯಬೇಕು. ಆಗ ಪದ್ಮಾಬಾಯಿ ಕಣ್ಣು ಮುಚ್ಚಿ, ಮೂಗರಳಿಸಿ, "ಉಪ್ಪ ಕಡಿಮಿ ಆಗೇದ ನೋಡು" ಅನ್ನುವರು. ಶ್ರೀವಿದ್ಯಾ ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು ಕಡಿಮೆಯೇ ಇರುತ್ತಿತ್ತು. ಇದು ಹೇಗೆಂದು ಕೇಳಿದರೆ, "ವಾಸನಿಗೆ ಮಡಿ ಮೈಲಿಗಿ ಇಲ್ಲವಾ, ಅದಕ್ಕ ನಾ ಅದನ್ನ ಹೊಟ್ಟಿ ತುಂಬ ಉಣ್ತೇನಿ" ಎಂದು ನಗುವರು. ಅಡಿಗೆ ಮುಗಿದ ಮೇಲೆ ಗೋಡೆಯ ಮೇಲಿನ ಹಳೆಯ ಜಗತ್ತಿನ ನಕಾಶೆಯ ಹತ್ತಿರ ಹೋಗಿ, ಸೊಸೆ ತೋರಿಸಿದ ದೇಶದ ಮೇಲೆ ಗೋಪೀಚಂದನದ ಒಂದು ಬೊಟ್ಟು ಇಡುವರು. ಒಣಗಿ ಉದುರಿದರೆ ಮತ್ತೊಮ್ಮೆ ಇಡುವರು. ಸೊಸೆ ಇದೇ ಗ್ರೀಸ್ ಎಂದರೆ ಅದೇ ಗ್ರೀಸ್. ಅವಳ ಮಾತಿನ ಮೇಲೆ ಅಷ್ಟು ವಿಶ್ವಾಸ.

ಇಟಲಿಯ ದಿನ ಮಾತ್ರ ಬೇರೆ ಆಯಿತು. ಜೊತೆಗೆ ಕಲಿಸುವ ಮಲ್ಲಿಕಾ ತನ್ನೂರು ಚಿಕ್ಕೇರೂರಿನಿಂದ ಗೋವಿನಜೋಳ ಒಡೆಸಿ ತಂದುಕೊಟ್ಟಿದ್ದಳು. "ಟೀಚರ್, ನಮ್ಮ ಹೊಲದ್ದ ಐತ್ರಿ. ಕೋಳಿಗೆ ಹಾಕಾಕತ್ತಿದ್ವಿ, ನೀವು ಇಟಲಿ ಅಂತೀರಿ!" ಎಂದು ನಕ್ಕಿದ್ದಳು. ಇಟಲಿಯವರು ಮಾಡುವಂತೆ ಶ್ರೀವಿದ್ಯಾ ಆ ರವೆಯನ್ನು ಹಾಲು ನೀರಿನಲ್ಲಿ ಮುಕ್ಕಾಲು ತಾಸು ತಿರುವಿ, ಬೆಣ್ಣೆ, ಚೀಸು, ಮೆಣಸಿನ ಪುಡಿ ಹಾಕಿ ಇಳಿಸಿದಳು. ಅವತ್ತು ಪದ್ಮಾಬಾಯಿ ಮಳೆ ಬೆಳೆ ಕೇಳಲಿಲ್ಲ.

"ಇದು ನುಚ್ಚು," ಎಂದರು. "ನಮ್ಮವ್ವ ಹಿರೇಕೆರೂರಾಗ ಹಿಂಗ ಹಾಲ ಹಾಕಿ ಜ್ವಾಳದ ನುಚ್ಚ ತಿರುವ್ತಿದ್ಲು. ನನಗ ಜ್ವರ ಬಂದ್ರ ಇದನ್ನ ಕೊಡಾಕಿ."

ಹೇಳಿ ಒಮ್ಮೆ ಗುಟುಕ್ಕನೆ ಉಗುಳು ನುಂಗಿದರು. ಅದನ್ನು ಶ್ರೀವಿದ್ಯಾ ನೋಡಿದಳು. ಅಲ್ಲಿಯವರೆಗೆ ಅಷ್ಟು ದೇಶ ಸುತ್ತಿದರೂ ಹೀಗೆ ಆಸೆಪಟ್ಟದ್ದನ್ನು ಆಕೆ ಕಂಡಿರಲಿಲ್ಲ. ಒಂದು ದಿನವಾದರೂ ಅತ್ತೆಯ ಬಾಯಿಗೆ ಇದನ್ನು ಇಡಬೇಕು ಎಂಬುದು ಅವತ್ತೇ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. "ನಿಮ್ಮ ಒಲಿ ಮ್ಯಾಲೆನ, ಮಡೀಲೆ ಮಾಡಿ ಕೊಡ್ತೇನಿ" ಎಂದಳು. "ನೋಡೋಣಂತ" ಎಂದರು ಪದ್ಮಾಬಾಯಿ. ಆ ನೋಡೋಣ ಎರಡು ವರ್ಷ ಹಿಡಿಯಿತು.

ಈ ವರ್ಷ ಜ್ಯೇಷ್ಠ ಮಾಸದಲ್ಲಿ ಅವರಿಗೆ ತುತ್ತು ಗಂಟಲಿನಲ್ಲಿ ನಿಲ್ಲತೊಡಗಿತು. ಹುಬ್ಬಳ್ಳಿಯ ಡಾಕ್ಟರು ಅನ್ನನಾಳದಲ್ಲಿ ಗಂಟಿದೆ, ಈ ವಯಸ್ಸಿನಲ್ಲಿ ಕೊಯ್ಯುವಂತಿಲ್ಲ, ತೆಳ್ಳಗಿನದು ಏನು ಇಳಿಯುತ್ತದೋ ಅದನ್ನು ಕೊಡಿರಿ ಎಂದು ಕಳಿಸಿಬಿಟ್ಟರು. ಮನೆ ಮುಟ್ಟಿದ ಮೇಲೆ ಪದ್ಮಾಬಾಯಿ ಸೊಸೆಯನ್ನು ಕರೆದರು.

"ವಿದ್ಯಾ, ಆ ಇಟಲಿ ನುಚ್ಚ ತಿನ್ನಬೇಕು ಅನಸ್ತದ."

"ನಾಳೇನ ಮಾಡ್ತೇನ್ರಿ ಅತ್ಯಾ!"

"ನಾಳೆ ಚಾತುರ್ಮಾಸ್ಯ ಹಿಡೀತದ. ಮುಗೀಲಿ. ಕಾರ್ತೀಕ ದ್ವಾದಶಿ ದಿನ ತಿಂತೇನಿ. ಮಡಿ ಬೇಕಾದ್ರ ಒಂಚೂರ ಸಡ್ಲ ಬಿಡ್ತೇನಿ, ವ್ರತ ಬಿಡೂದಿಲ್ಲ."

ನಾಲ್ಕು ತಿಂಗಳ ವ್ರತ. ಮೊದಲನೆಯ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಎರಡು ದಳದ ಬೇಳೆಕಾಳಿಲ್ಲ. ಗೋವಿನಜೋಳದಂಥ ಹೊಸ ಧಾನ್ಯವಂತೂ ನಾಲ್ಕೂ ತಿಂಗಳು ಹತ್ತಿರ ಸುಳಿಯುವಂತಿಲ್ಲ. ಐವತ್ತೆರಡು ವರ್ಷ ತಪ್ಪದೆ ನಡೆಸಿದ್ದು. ಗೋವಿನಜೋಳಕ್ಕೆ ಎರಡು ದಳ ಇರುವುದಿಲ್ಲ, ಅದು ಏಕದಳ ಎಂದು ಶ್ರೀವಿದ್ಯಾ ವಾದ ಹೂಡಿದಳು. "ಆ ಪಾಠ ಸಾಲ್ಯಾಗ ಹೇಳು" ಎಂದು ಪದ್ಮಾಬಾಯಿ ಬಾಯಿ ಮುಚ್ಚಿಸಿದರು.

ಅವಳು ದಿನ ಎಣಿಸತೊಡಗಿದಳು. ಹಾಲಾದರೂ ಕುಡಿಸಿರಿ ಎಂದು ಡಾಕ್ಟರು ಹೇಳಿದ್ದು ಸರಿಯಾಗಿ ಹಾಲು ಬಿಟ್ಟ ತಿಂಗಳಲ್ಲಿ. ಆ ತಿಂಗಳೆಲ್ಲ ಶ್ರೀವಿದ್ಯಾಳಿಗೆ ದೇವರ ಮೇಲೆ ಸಿಟ್ಟು, ಮಠದ ಮೇಲೆ ಸಿಟ್ಟು, ದಿನದಿಂದ ದಿನಕ್ಕೆ ಸೊರಗುತ್ತಿದ್ದ ಆ ಮುದುಕಿಯ ಮೇಲೂ ಸಿಟ್ಟು. ಸಿಟ್ಟು ಮಾಡಿಕೊಂಡೇ ಅವರ ಕಾಲೊತ್ತುವಳು, ಒತ್ತುತ್ತ ಅಳುವಳು. ಹಾಲಿನ ನಿಷೇಧ ಮುಗಿಯುವ ಹೊತ್ತಿಗೆ ಎರಡು ಚಮಚೆ ಸಕ್ಕರೆ ನೀರು ಇಳಿದರೆ ಅದೇ ಊಟ ಎನ್ನುವಂತಾಗಿತ್ತು. ರವಿವಾರದ ದೇಶಗಳು ನಿಂತುಹೋದವು.

ಆ ಮನೆಯಲ್ಲಿ ಪಂಚಾಂಗ ಎರಡು. ದೇವರ ಕೋಣೆಯಲ್ಲಿ ಗಂಡನ ಮನೆಯ ಮಠದ್ದು. ಅಡಿಗೆ ಮನೆಯ ಮೊಳೆಗೆ ಶ್ರೀವಿದ್ಯಾಳ ತವರಿನ ಮಠದ್ದು, ಹಾನಗಲ್ಲಿನಿಂದ ಅಣ್ಣ ರಾಘಣ್ಣ ಪ್ರತಿ ವರ್ಷ ತಪ್ಪದೆ ಕಳಿಸುತ್ತಿದ್ದದ್ದು. ಎರಡೂ ಮಠದವರ ಗಣಿತ ಬೇರೆ. ವರ್ಷದಲ್ಲಿ ಒಂದೆರಡು ಸಲ ಒಬ್ಬರಿಗೆ ಏಕಾದಶಿಯಾದ ದಿನ ಇನ್ನೊಬ್ಬರಿಗೆ ದ್ವಾದಶಿ. ಇವರು ನೀರೂ ಮುಟ್ಟದೆ ಉಪವಾಸ ಕೂತಾಗ ಅವರು ಪಾರಣೆ ಮಾಡಿ ಉಣ್ಣುತ್ತಿರುತ್ತಾರೆ. ಇದು ಶ್ರೀವಿದ್ಯಾಳಿಗೆ ಗೊತ್ತಿಲ್ಲವೆಂದಲ್ಲ. ಆದರೆ ತಿಥಿ ನೋಡುವುದು ಸುಶೀಂದ್ರನ ಕೆಲಸವಾಗಿತ್ತು. ಆತ ಕೇಸಿನ ಸಲುವಾಗಿ ಎರಡು ದಿನ ಧಾರವಾಡಕ್ಕೆ ಹೋಗಿದ್ದ. ದಿನಾ ಎದ್ದು ಅವಳು ನೋಡಿ ಎಣಿಸಿದ್ದು ಅಡಿಗೆ ಮನೆಯ ಮೊಳೆಯ ಪಂಚಾಂಗವನ್ನು.

ಆ ಪಂಚಾಂಗದಲ್ಲಿ ಕಾರ್ತೀಕ ದ್ವಾದಶಿ ಎಂದಿದ್ದ ದಿನ ಬೆಳಗಿನಲ್ಲೇ ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಒಳಗಿನ ಒಲೆ ಹೊತ್ತಿಸಿದಳು. ಅಂಗಡಿಯ ಚೀಸು ಬೇಡವೆಂದು ಬರೀ ಹಾಲು, ಬೆಣ್ಣೆ, ಮೆಣಸು. ಒಂದು ತಾಸು ಕೈ ಬಿಡದೆ ತಿರುವಿ ಗಂಜಿಯಷ್ಟು ತೆಳ್ಳಗೆ ಮಾಡಿದಳು. ಬೆಳ್ಳಿ ಬಟ್ಟಲು ತರಲೆಂದು ದೇವರ ಕೋಣೆಗೆ ಹೋದವಳ ಕಣ್ಣು ಗೋಡೆಯ ಪಂಚಾಂಗದ ಮೇಲೆ ಬಿತ್ತು. ಏಕಾದಶಿ. ದ್ವಾದಶಿ ನಾಳೆ.

ಬಟ್ಟಲು ಹಿಡಿದುಕೊಂಡೇ ಅವಳು ಪಡಸಾಲೆಗೆ ಬಂದಳು. ಮಂಚದ ಮೇಲೆ ಪದ್ಮಾಬಾಯಿ ಕಣ್ಣು ತೆರೆದರು. ಮೂಗು ಮೊದಲೇ ಎಚ್ಚರಾಗಿತ್ತು.

"ದ್ವಾದಶಿ ಬಂತೇನ ವಿದ್ಯಾ? ನನಗ ದಿನಾ ತಿಳೀಲಾರದಂಗ ಆಗೇದ. ನೀ ಹೇಳು."

ಮನೆಯಲ್ಲಿ ಇಬ್ಬರೇ. ಹೌದು ಎಂದರೆ ಮುಗಿಯುತ್ತಿತ್ತು. ಬಾಯಿ ಆಗಲೇ ಸ್ವಲ್ಪ ತೆರೆದುಕೊಂಡಿತ್ತು. ಚಮಚೆ ಬಟ್ಟಲಲ್ಲಿತ್ತು. ಆದರೆ ಈಕೆ ತೋರಿಸಿದ್ದೇ ದೇಶ ಎಂದು ನಂಬಿ ಬೊಟ್ಟಿಟ್ಟ ಮುದುಕಿ ಈಗಲೂ ಅದೇ ನಂಬಿಕೆಯಿಂದ ಕೇಳುತ್ತಿದ್ದರು. ಐವತ್ತೆರಡು ವರ್ಷದ್ದನ್ನು ತನ್ನ ಒಂದು ಸುಳ್ಳಿನಿಂದ ಮುರಿಯಲು ಶ್ರೀವಿದ್ಯಾಳಿಗೆ ನಾಲಿಗೆ ಏಳಲಿಲ್ಲ.

"ಇಲ್ಲರಿ ಅತ್ಯಾ. ಇವತ್ತ ಏಕಾದಶಿ. ನಾನ ತಪ್ಪಿ ಮಾಡೇನಿ."

ಪದ್ಮಾಬಾಯಿಯ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ನಕ್ಕರು.

"ಹೋಗ್ಲಿ ಬಿಡು. ಇಷ್ಟ ದಿನಾ ತಡದದ್ದ ಇನ್ನೊಂದ ದಿನಾ. ಹತ್ರ ತಾ, ವಾಸನಿಗೆ ಏಕಾದಶಿ ಇಲ್ಲ."

ಬಟ್ಟಲನ್ನು ಮುಖದ ಹತ್ತಿರ ಹಿಡಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. "ಉಪ್ಪ ಒಂಚೂರ ಕಡಿಮಿ ಆಗೇದ," ಎಂದರು. "ನಾಳೆ ಸರಿ ಹಾಕು, ನನ್ನವ್ವ."

ಮಧ್ಯಾಹ್ನ ನಾಲ್ಕರ ಸುಮಾರಿಗೆ ಶ್ರೀವಿದ್ಯಾ ಕೈ ಹಿಡಿದುಕೊಂಡು ಕೂತಿರುವಾಗಲೇ ಉಸಿರು ನಿಂತಿತು.

ಸಂಜೆಯಾಗುವುದರೊಳಗೆ ಮನೆ ತುಂಬಿತು. ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: ಏಕಾದಶಿ ಮರಣ, ಅದೂ ಉಪವಾಸದಲ್ಲಿ, ಎಂಥ ಪುಣ್ಯವಂತೆ. ಧಾರವಾಡದಿಂದ ಓಡಿಬಂದ ಸುಶೀಂದ್ರನೂ ಕಣ್ಣೊರೆಸಿಕೊಂಡು "ಅವ್ವ ಬೇಡಿಕೊಂಡ ಬಂದಿದ್ಲು" ಎಂದ. ಯಾರೋ ಒಳಗೆ ಹೋಗಿ, ಸೂತಕದ ಮನೆಯಲ್ಲಿ ಬೇಯಿಸಿದ್ದು ಇರಬಾರದೆಂದು ನುಚ್ಚಿನ ಪಾತ್ರೆಯನ್ನು ಹಿತ್ತಲಲ್ಲಿ ಬೋರಲು ಹಾಕಿದರು. ಹಸಿದು ಹೋದವರನ್ನು ಪುಣ್ಯವಂತರು ಅನ್ನುವುದನ್ನು ಕೇಳುತ್ತ ಶ್ರೀವಿದ್ಯಾ ಗೋಡೆಗೆ ಒರಗಿ ಕೂತಿದ್ದಳು. ಹಾನಗಲ್ಲಿನಿಂದ ರಾಘಣ್ಣನ ಫೋನು ಬಂತು.

"ಎಂಥಾ ಸುದ್ದಿನ ತಂಗಿ. ದ್ವಾದಶಿ ಪಾರಣಿ ಮುಗಿಸಿ, ಉಂಡು ಮಲಗಿದ್ವಿ. ಈಗ ಹೊಂಟೇನಿ."

ದ್ವಾದಶಿ. ಅವಳು ಹುಟ್ಟಿದ ಮನೆಯಲ್ಲಿ ಅದೇ ಬೆಳಗ್ಗೆ ವ್ರತ ಮುಗಿದು, ಎಲ್ಲರೂ ಹೊಟ್ಟೆ ತುಂಬ ಉಂಡಿದ್ದರು. ಹೌದು ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಫೋನು ಹಿಡಿದುಕೊಂಡೇ ಅವಳು ಗೊಳೋ ಎಂದು ಅತ್ತಳು. ಅತ್ತೆಯ ಮೇಲೆ ಎಷ್ಟು ಜೀವ ನೋಡು ಎಂದು ಮಂದಿ ಮಾತಾಡಿಕೊಂಡರು.

ಹದಿಮೂರನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಬೇಕೆಂದಾಗ ಅವಳು ನುಚ್ಚಿನ ಮಾತೆತ್ತಿದಳು. ಗೋವಿನಜೋಳ ಆ ಅಡಿಗೆಗೆ ನಡೆಯುವುದಿಲ್ಲ ಎಂದರು ಆಚಾರ್ಯರು. ಕಡಲೆಬೇಳೆಯ ಹಯಗ್ರೀವ ಮಾಡಿದರು.

ಆಮೇಲಿನ ರವಿವಾರ ಸುಶೀಂದ್ರ ಮಠಕ್ಕೆ ಹೋದಾಗ ಶ್ರೀವಿದ್ಯಾ ಮತ್ತೆ ಅದೇ ನುಚ್ಚು ತಿರುವಿದಳು. ಉಪ್ಪು ಸರಿಯಾಗಿ ಹಾಕಿದಳು. ಮಣೆ ಇನ್ನೂ ಹೊಸ್ತಿಲ ಒಳಮಗ್ಗುಲಿಗೇ ಇತ್ತು, ಯಾರೂ ಎತ್ತಿರಲಿಲ್ಲ. ಅದರ ಎದುರಿಗೆ ಬೆಳ್ಳಿ ಬಟ್ಟಲು ಇಟ್ಟು, ಹೊರಮಗ್ಗುಲಿಗೆ ತಾನು ಕೂತಳು. ಬಟ್ಟಲಿನಿಂದ ಹಬೆ ಏಳುತ್ತಿತ್ತು.

"ಹೌದ್ರಿ ಅತ್ಯಾ," ಎಂದಳು. "ಇವತ್ತ ದ್ವಾದಶಿ. ಉಣ್ರಿ."